ಸಾವಿರದ ಕಲ್ಲಿನ ಜೊತೆ ನಾಲ್ಕು ವರ್ಷ

ಟೊಮೆಟೊಗೆ ಚಾಕು ಇಟ್ಟರೆ ಹೋಳಾಗುವ ಬದಲು ಜಜ್ಜಿಹೋಗುತ್ತಿತ್ತು, ಈರುಳ್ಳಿ ಮೇಲೆ ಜಾರಿ ಬೆರಳಿಗೇ ಬರುತ್ತಿತ್ತು. ಬೇಸತ್ತು ಆನ್‌ಲೈನ್‌ನಲ್ಲಿ 1,100 ರೂಪಾಯಿ ಕೊಟ್ಟು ನೀರಿನ ಸಾಣೆಕಲ್ಲು ತರಿಸಿದೆ. ಒಂದು ಬದಿ 1000 ಗ್ರಿಟ್, ಇನ್ನೊಂದು ಬದಿ 6000. ಗ್ರಿಟ್ ಅಂದರೆ ಕಲ್ಲಿನ ಕಣದ ಅಳತೆ; ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನುಣುಪು, ಕಡಿಮೆಯಾದಷ್ಟೂ ಒರಟು. ಸಾಗರದ ಮನೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಅಂಚಿಗೆ ಚಾಕುವನ್ನು ನಾಲ್ಕು ಸಲ ಉಜ್ಜಿಕೊಂಡು ಒಳಗೆ ಬರುವ ಅಮ್ಮ ನಕ್ಕಳು: "ಕಲ್ಲನ್ನೂ ಯಾರಾದ್ರೂ ಪಾರ್ಸಲ್ ತರಿಸ್ತಾರೇನೋ?"

ಇದಕ್ಕೂ ಮೊದಲು ನನ್ನ ಹತ್ತಿರ ಎಳೆಯುವ ಸಾಣೆ ಇತ್ತು. ಪ್ಲಾಸ್ಟಿಕ್ ಹಿಡಿಕೆ, ನಡುವೆ ವಿ ಆಕಾರದಲ್ಲಿ ಕೂರಿಸಿದ ಎರಡು ಕಾರ್ಬೈಡ್ ತುಂಡು. ಐದು ಸಲ ಎಳೆದರೆ ಹರಿತವಾಗುವುದು ಸುಳ್ಳಲ್ಲ, ಆದರೆ ಎರಡು ವಾರಕ್ಕೆ ಮತ್ತೆ ಮೊಂಡು. ಒಮ್ಮೆ ಬಿಳಿ ಹಾಳೆಯ ಮೇಲೆ ಹಿಡಿದು ಎಳೆದಾಗ ಗುಂಗುರು ಗುಂಗುರಾದ ಉಕ್ಕಿನ ಸಿಪ್ಪೆ ಉದುರಿತು. ಮಸೆಯುವ ಹೆಸರಲ್ಲಿ ಚಾಕುವನ್ನು ಕೆರೆದು ಹಾಕುತ್ತಿದ್ದೆ. ಒಂದೂವರೆ ವರ್ಷದಲ್ಲಿ ಹಿಡಿಯ ಪಕ್ಕದ ಭಾಗ ಹಾಗೇ ಉಳಿದು, ಅದರ ಮುಂದಿನ ಬಾಯಿ ಸವೆದು ಒಳಗೆ ಹೋಗಿತ್ತು. ಮಣೆಯ ಮೇಲೆ ಕೊತ್ತಂಬರಿ ಹೆಚ್ಚಿದರೆ ದಂಟು ಪೂರ್ತಿ ತುಂಡಾಗದೆ ಸರದ ಹಾಗೆ ಜೋತುಕೊಂಡು ಬರುತ್ತಿತ್ತು.

ಸೈಕಲ್ಲಿಗೆ ಸಾಣೆಚಕ್ರ ಕಟ್ಟಿಕೊಂಡು ಬೀದಿಗೆ ಬರುವವರಿಗೂ ಕೊಟ್ಟಿದ್ದೇನೆ. ಕತ್ತರಿಗೆ, ಮೆಟ್ಟುಗತ್ತಿಗೆ ಈಗಲೂ ಅವರೇ ಆಗಬೇಕು. ತೆಳು ಚಾಕು ಮಾತ್ರ ಕೊಡಬೇಡಿ. ಒಣ ಚಕ್ರಕ್ಕೆ ಒತ್ತಿದಾಗ ಕಿಡಿ ಹಾರಿ ನನ್ನ ಚಾಕುವಿನ ತುದಿ ನೀಲಿಗಟ್ಟಿತು. ನೀಲಿ ಬಂತೆಂದರೆ ಅಷ್ಟು ಭಾಗದ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಈಗ ಕಲ್ಲಿನ ವಿಷಯ. ಗುಳ್ಳೆ ಏಳುವುದು ನಿಲ್ಲುವ ತನಕ, ಅಂದರೆ ಹತ್ತು ನಿಮಿಷ, ನೀರಲ್ಲಿ ನೆನೆಹಾಕುತ್ತೇನೆ. ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಎಲ್ಲರೂ ಹೆದರುವುದು ಕೋನಕ್ಕೆ. ನಾಲ್ಕು ಸೆಂಟಿಮೀಟರ್ ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ ಒಂದು ಸೆಂಟಿಮೀಟರ್ ಎತ್ತಿದರೆ 15 ಡಿಗ್ರಿ, ಸುಮಾರು ಒಂದೂಕಾಲಿಂದ ಒಂದೂವರೆಯ ನಡುವೆ ಎತ್ತಿದರೆ 20. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ಸ್ಟೀಲ್ ಚಾಕು ಮೆದು, ಅದಕ್ಕೆ 20 ಡಿಗ್ರಿಯೇ ಸರಿ. ಅನುಮಾನವಿದ್ದರೆ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೀಚಿ ನಾಲ್ಕು ಸಲ ಎಳೆಯಿರಿ. ಶಾಯಿ ಎಲ್ಲಿ ಅಳಿಸಿದೆಯೋ ಕಲ್ಲು ಅಲ್ಲಿ ಮುಟ್ಟುತ್ತಿದೆ.

ಮೊದಲ ಮೂರು ತಿಂಗಳು ನಾನು ಮಸೆದದ್ದೆಲ್ಲ ದಂಡ. ಎರಡೂ ಬದಿ ಇಪ್ಪತ್ತಿಪ್ಪತ್ತು ಸಲ ಎಂದು ಎಣಿಸಿ ಎದ್ದುಬಿಡುತ್ತಿದ್ದೆ. ಎಣಿಕೆಗೆ ಅರ್ಥವಿಲ್ಲ. ಒಂದೇ ಬದಿಯನ್ನು ಮಸೆಯುತ್ತಾ ಹೋದರೆ ಒಂದು ಹಂತದಲ್ಲಿ ಕೂದಲೆಳೆಯಷ್ಟು ಲೋಹ ಆಚೆ ಬದಿಗೆ ಮಡಚಿಕೊಳ್ಳುತ್ತದೆ, ಅದನ್ನು ಬರ್ ಅಂತಾರೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಮೆಲ್ಲಗೆ ಜಾರಿಸಿದರೆ ತರಿತರಿಯಾಗಿ ತಡೆಯುತ್ತದೆ. ಹಿಡಿಯಿಂದ ತುದಿಯ ತನಕ ಅದು ಸಿಕ್ಕಿದ ಮೇಲೇ ಮಗುಚಬೇಕು. ಕಲ್ಲಿನ ಮೇಲೆ ಕೂರುವ ಕಪ್ಪು ಕೆಸರನ್ನು ತೊಳೆಯಲು ಹೋಗಬೇಡಿ, ಮಸೆಯುವ ಕೆಲಸದಲ್ಲಿ ಅದಕ್ಕೂ ಪಾಲಿದೆ. ಕೊನೆಗೆ ಕೈ ಹಗುರ ಮಾಡಿ ಬದಿ ಬದಲಿಸುತ್ತಾ ಎಳೆದು ಬರ್ ತೆಗೆಯುವುದು. ಇದು ಬೆರಳಿಗೆ ತಿಳಿದ ದಿನ ಟೊಮೆಟೊ ಎಲೆಯಷ್ಟು ತೆಳ್ಳಗೆ ಬಂತು; ಆವತ್ತು ಬೇಕಿಲ್ಲದಿದ್ದರೂ ಆರು ಟೊಮೆಟೊ ಹೆಚ್ಚಿ ಗೊಜ್ಜು ಮಾಡಬೇಕಾಯಿತು. ಮೊದಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಕೆಲಸ ಈಗ ತಿಂಗಳಿಗೊಮ್ಮೆ ಹತ್ತು ನಿಮಿಷ.

ತಕರಾರುಗಳೂ ಇವೆ. ಎಂಟು ತಿಂಗಳಿಗೇ ಕಲ್ಲಿನ ನಡುವೆ ಹಳ್ಳ ಬಿತ್ತು. ಅದನ್ನು ಸಮ ಮಾಡಲು ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಚೌಕಳಿ ಗೆರೆ ಹಾಕಿ, ಗಾಜಿನ ಮೇಲೆ 220 ಗ್ರಿಟ್ಟಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಇಟ್ಟು ಗೆರೆಯೆಲ್ಲ ಅಳಿಸುವ ತನಕ ಕಲ್ಲನ್ನು ಉಜ್ಜುತ್ತೇನೆ. ಜೊತೆಗೆ ಬಂದ ಬಿದಿರಿನ ಸ್ಟ್ಯಾಂಡಿಗೆ ಮೊದಲ ಮಳೆಗಾಲದಲ್ಲೇ ಬೂಷ್ಟು ಹಿಡಿಯಿತು, ಎಸೆದೆ. ಹಲಸಿನಕಾಯಿ ಹೆಚ್ಚಿದ ಚಾಕುವಿನ ಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸದೆ ತಂದರೆ ಕಲ್ಲೇ ಅಂಟಂಟು. ಮೆಟ್ಟುಗತ್ತಿಯ ಬಾಗಿದ ಬಾಯಿಗೆ ಈ ಚಪ್ಪಟೆ ಕಲ್ಲು ಆಗಿಬರುವುದಿಲ್ಲ.

ಇನ್ನೊಂದು, ಇದು ಕಲ್ಲಿನ ತಪ್ಪಲ್ಲ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೇ ನಿಂಬೆಹಣ್ಣು ಕುಯ್ಯುವ ಅಭ್ಯಾಸ ನಮ್ಮಲ್ಲಿತ್ತು. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್ ಚಾಕುವಿನ ಉಕ್ಕಿಗಿಂತ ಗಟ್ಟಿ, ಒಂದೇ ಏಟಿಗೆ ಅಂಚು ಮಡಚಿ ಹೋಗುತ್ತದೆ. ಮರದ ಮಣೆ ಬಂದ ಮೇಲೆ ವಾರಕ್ಕೊಮ್ಮೆಯ ಮಸೆತ ತಿಂಗಳಿಗಿಳಿಯಿತು.

ಮತ್ತೆ ಕೊಳ್ಳುವುದಾದರೆ 1000/6000 ಬೇಡ, 400/1000 ತಗೊಳ್ಳುತ್ತೇನೆ. ಹಲ್ಲು ಬಿದ್ದ ಚಾಕು ಸರಿಮಾಡಲು 1000ದಲ್ಲಿ ಕೈ ಸೋಲುತ್ತದೆ. ಸುಮ್ಮನೆ ಕೈ ಪಳಗಿಸುವವರಿಗೆ ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಮ್ ಕಲ್ಲೂ ಸಾಕು, ನನಗೆ 250 ರೂಪಾಯಿಗೆ ಸಿಕ್ಕಿತು. ಅದೂ ಬೇಡವೆಂದರೆ ಪಿಂಗಾಣಿ ಕಾಫಿ ಮಗ್ ಬೋರಲು ಹಾಕಿ, ಅಡಿಯ ಒರಟು ಬಳೆಯ ಮೇಲೆ ಎಳೆಯಿರಿ. ಆ ಹೊತ್ತಿನ ಅಡುಗೆ ಮುಗಿಯುತ್ತದೆ. ನನ್ನ ಕಲ್ಲಿನ 6000ದ ಬದಿ ನಾಲ್ಕು ವರ್ಷವಾದರೂ ಹೆಚ್ಚುಕಡಿಮೆ ತಂದ ದಿನದ ಹಾಗೇ ಇದೆ. ಅಮ್ಮ ಬಂದಾಗ ಕನ್ನಡಕದ ಹಿಂದಿನಿಂದ ಅದನ್ನು ಸವರಿ ನೋಡಿ, "ಚೆನ್ನಾಗಿ ನುಣ್ಣಗಿದೆ, ಹಿಮ್ಮಡಿ ಉಜ್ಜಕ್ಕಾಗತ್ತೆ" ಅಂದಳು.