ಆರ್ಕ್ಟಿಕ್ ಕೇಸ್ ಫ್ಯಾನ್ ಹಬ್: ಪೋರ್ಟ್ ಹತ್ತಿದ್ದರೂ ಲೆಕ್ಕ ಆಂಪ್‌ನಲ್ಲೇ ಇರಲಿ

ಕಂಪ್ಯೂಟರ್ ಕ್ಯಾಬಿನೆಟ್‌ಗೆ ನಾಲ್ಕೈದು ಫ್ಯಾನ್ ಸೇರುವಷ್ಟರಲ್ಲಿ ಮದರ್‌ಬೋರ್ಡಿನ ಹೆಡರ್‌ಗಳು (ಫ್ಯಾನಿನ ತಂತಿ ಸಿಕ್ಕಿಸುವ ಪಿನ್‌ಗಳು) ಭರ್ತಿಯಾಗುತ್ತವೆ. ಆಗ ಹೆಚ್ಚಿನವರು ಒಂದೇ ಹೆಡರನ್ನು ಹಲವು ಫ್ಯಾನಿಗೆ ಹಂಚುವ ಸ್ಪ್ಲಿಟರ್ ಕೇಬಲ್ ಹಾಕುತ್ತಾರೆ. ಎರಡು ಫ್ಯಾನಿಗೆ ಅದು ಸಾಕು. ಆದರೆ ಸಾಮಾನ್ಯ ಹೆಡರ್‌ನ ಮಿತಿ 1 ಆಂಪ್, ಅಂದರೆ 12 ವ್ಯಾಟ್. ನೋಕ್ಟುವಾ ಎನ್‌ಎಫ್-ಎ12x25ನಂಥ 0.14 ಆಂಪ್‌ನ ಫ್ಯಾನ್ ಹತ್ತು ಸೇರಿದರೆ 1.4 ಆಂಪ್ ಆಯಿತು. ಇದು ತಿರುಗುತ್ತಿರುವಾಗಿನ ಲೆಕ್ಕ. ಶುರುವಾಗುವ ಕ್ಷಣದಲ್ಲಿ ಮೋಟರ್ ಇದಕ್ಕಿಂತ ಹೆಚ್ಚು ಎಳೆಯುತ್ತದೆ. ಹೆಡರ್ ಸುಟ್ಟರೆ ರಿಪೇರಿಗೆ ಬೋರ್ಡನ್ನೇ ಬಿಚ್ಚಬೇಕು.

ಹತ್ತು ಫ್ಯಾನ್‌ಗಳನ್ನು ಒಂದೇ ಕಡೆ ಜೋಡಿಸುವ ಆರ್ಕ್ಟಿಕ್ ಕಂಪನಿಯ ಹಬ್ ಈ ಭಾರವನ್ನು ಬೋರ್ಡಿನ ಮೇಲಿಂದ ಇಳಿಸುತ್ತದೆ. ಹತ್ತು ಪೋರ್ಟ್‌ಗಳಿಗೂ ಕರೆಂಟ್ ಬರುವುದು ಎಸ್‌ಎಂಪಿಎಸ್‌ನ (ಕಂಪ್ಯೂಟರಿನ ಪವರ್ ಸಪ್ಲೈ) ಸಾಟಾ ಪವರ್ ಕೇಬಲ್‌ನಿಂದ. ಬೋರ್ಡಿನಿಂದ ಬರುವುದು ವೇಗ ಎಷ್ಟಿರಬೇಕೆಂದು ಹೇಳುವ ಪಿಡಬ್ಲ್ಯೂಎಂ ಸಿಗ್ನಲ್ ಮಾತ್ರ. ಕೆಲಸ ಅಷ್ಟೇ, ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ.

ಇಲ್ಲಿ ಮಿತಿ ಹಾಕುವುದು ಸಾಟಾ ಪ್ಲಗ್. ಅದರಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪ್, ಒಟ್ಟು 4.5 ಆಂಪ್. 0.3 ಆಂಪ್‌ನ 3000 ಆರ್‌ಪಿಎಂ ಫ್ಯಾನ್ ಹತ್ತು ಹಾಕಿದರೆ ಓಡುವಾಗಲೇ 3 ಆಂಪ್, ಎಲ್ಲವೂ ಒಟ್ಟಿಗೆ ಶುರುವಾದಾಗ ಇನ್ನೂ ಜಾಸ್ತಿ. ಇಂಥ ಫ್ಯಾನ್ ಆರಕ್ಕೆ ನಿಲ್ಲಿಸುವುದು ಒಳ್ಳೆಯದು. ಫ್ಯಾನಿನ ಸ್ಟಿಕ್ಕರ್ ಮೇಲೆ ಆಂಪ್ ಬರೆದಿರುತ್ತದೆ, ಕೂಡಿಸಿ ನೋಡಿ.

ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತ ಮೇಲೆ ಜೋಡಣೆ ಶುರು ಮಾಡಿ. ಹಬ್‌ಗೆ ಎಸ್‌ಎಂಪಿಎಸ್‌ನಿಂದ ನೇರ ಸಾಟಾ ಕೊಡಿ. ಹಳೆಯ ನಾಲ್ಕು ಪಿನ್ ಪವರ್ ಪ್ಲಗ್ ಆದ ಮೊಲೆಕ್ಸ್‌ನಿಂದ ಸಾಟಾಗೆ ಬದಲಿಸುವ, ಪ್ಲಾಸ್ಟಿಕ್ ಎರಕ ಹೊಯ್ದ ಅಗ್ಗದ ಅಡಾಪ್ಟರ್ ಬೇಡವೇ ಬೇಡ: ಅದರೊಳಗೆ ತಂತಿಗಳು ಒಂದಕ್ಕೊಂದು ತಗುಲಿ ಶಾರ್ಟ್ ಆಗಿ ಹೊತ್ತಿಕೊಂಡ ಉದಾಹರಣೆಗಳಿವೆ. ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲನ್ನೂ ಹಾಕಬೇಡಿ. ಪ್ಲಗ್ ಕೂತರೂ ಪಿನ್‌ಗಳ ಕ್ರಮ ಬೇರೆ ಇರಬಹುದು.

ಸಿಗ್ನಲ್ ಕೇಬಲ್ ಕ್ಯಾಬಿನೆಟ್ ಫ್ಯಾನಿನ ಹೆಡರ್‌ಗೆ ಹೋಗಲಿ. ಪ್ರೊಸೆಸರ್ ಕೂಲರಿನ ಫ್ಯಾನ್, ಲಿಕ್ವಿಡ್ ಕೂಲರಿನ ಪಂಪ್ ಎರಡನ್ನೂ ಹಬ್‌ನಿಂದ ದೂರ ಇಡಿ. ಅವು ತಮ್ಮ ಹೆಡರ್‌ನಲ್ಲೇ ಇರಬೇಕು. ನಂತರ ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಆ ಹೆಡರನ್ನು ಡಿಸಿ ಅಥವಾ ಆಟೋದಿಂದ ಪಿಡಬ್ಲ್ಯೂಎಂಗೆ ಬದಲಿಸಿ. ‘ಹಬ್ ಹಾಕಿದ ಮೇಲೆ ಎಲ್ಲ ಫ್ಯಾನೂ ಬೊಬ್ಬೆ ಹೊಡೆಯುತ್ತಿವೆ’ ಎಂಬ ದೂರಿಗೆ ಬಹುಪಾಲು ಕಾರಣ ಹೀಗೆ ಬದಲಿಸದಿರುವುದೇ. ಡಿಸಿಯಲ್ಲಿ ಬೋರ್ಡ್ ವೋಲ್ಟೇಜ್ ಇಳಿಸುತ್ತದೆ, ಆದರೆ ಆ ವೋಲ್ಟೇಜನ್ನು ಹಬ್ ಬಳಸುವುದೇ ಇಲ್ಲ. ಅದೇ ಕಾರಣಕ್ಕೆ ಪಿಡಬ್ಲ್ಯೂಎಂ ತಂತಿ ಇಲ್ಲದ 3 ಪಿನ್ ಫ್ಯಾನ್ ಈ ಹಬ್‌ನಲ್ಲಿ ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ. ಅಂಥವೇ ನಿಮ್ಮಲ್ಲಿದ್ದರೆ ಇದನ್ನು ಕೊಳ್ಳಬೇಡಿ.

ದೊಡ್ಡ ಕೊರತೆ ಇನ್ನೊಂದಿದೆ. ಬೋರ್ಡಿಗೆ ಕಾಣುವುದು ಒಂದೇ ಫ್ಯಾನಿನ ಆರ್‌ಪಿಎಂ. ಉಳಿದವುಗಳಲ್ಲಿ ಒಂದು ನಿಂತುಹೋದರೂ ಎಚ್ಚರಿಕೆ ಬರುವುದಿಲ್ಲ, ಧೂಳು ಒರೆಸುವಾಗ ಕಣ್ಣಾರೆ ನೋಡಿಕೊಳ್ಳಬೇಕು. ಮುಂದಿನ ಫ್ಯಾನ್‌ಗಳಿಗೆ ಒಂದು ವೇಗ, ಹಿಂದಿನದಕ್ಕೆ ಇನ್ನೊಂದು ಬೇಕೆಂದರೆ ಹಿಂದಿನದನ್ನು ಬೋರ್ಡಿಗೇ ಹಾಕಿ.

ಮೊದಲ ದಿನ ಅರ್ಧ ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ, ಆಫ್ ಮಾಡಿ, ಸಾಟಾ ಪ್ಲಗ್ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಬಿಸಿ ತಟ್ಟಿದರೆ ಒಂದೆರಡು ಫ್ಯಾನ್ ಕಡಿಮೆ ಮಾಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಕೇಬಲ್ ಮತ್ತೆ ಬಳಸಬೇಡಿ.