ಪ್ಲೇಟ್‌ಲೆಟ್ ಕೊಡುವವರಿಗೆ ಒಳ್ಳೆ ಜಾಗ, ಕಾಯುವವರಿಗೆ ಅಲ್ಲ

ಬೆಂಗಳೂರಿನ ಒಂದು ಖಾಸಗಿ ಬ್ಲಡ್ ಬ್ಯಾಂಕ್ ಬಗ್ಗೆ ಬರೆಯುತ್ತಿದ್ದೇನೆ. ಬೈಯುವುದೂ ಸ್ವಲ್ಪ ಇದೆ, ಅದಕ್ಕೇ ಹೆಸರು ಹಾಕಿಲ್ಲ.

ನನ್ನದು ಬೈಕ್ ಸ್ಪೇರ್ ಪಾರ್ಟ್ಸ್ ಅಂಗಡಿ. ಬ್ಲಡ್ ಗ್ರೂಪ್ ಬಿ ಪಾಸಿಟಿವ್. ಏರಿಯಾದ ವಾಟ್ಸಾಪ್ ಗ್ರೂಪಿನಲ್ಲಿ 'ಅರ್ಜೆಂಟ್ ಎಸ್‌ಡಿಪಿ ಬೇಕು' ಅಂತ ಮೆಸೇಜ್ ಬಂತು. ಎಸ್‌ಡಿಪಿ ಅಂದರೆ ಒಬ್ಬರೇ ದಾನಿಯಿಂದ ಮೆಷಿನ್ ಹಾಕಿ ತೆಗೆಯುವ ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು. ಹಿರಿಯೂರು ಕಡೆಯ ಹುಡುಗ, ಬ್ಲಡ್ ಕ್ಯಾನ್ಸರ್. ಕೀಮೋ ಆದ ಮೇಲೆ ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ಮಧ್ಯಾಹ್ನ ವ್ಯಾಪಾರ ಡಲ್ಲಾಗಿತ್ತು, ಹೊರಟೆ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ದಾನಿಗಳನ್ನು ಇವರು ನೋಡಿಕೊಳ್ಳುವ ರೀತಿಗೆ ಹೆಸರಿಡುವ ಹಾಗಿಲ್ಲ. ಮೊದಲು ಎರಡೂ ಕೈ ನರ ನೋಡುತ್ತಾರೆ. ಮೂರು ದಿನದೊಳಗೆ ಆಸ್ಪಿರಿನ್ ತಗೊಂಡಿದ್ದೀರಾ ಅಂತ ಕೇಳುತ್ತಾರೆ. ನಮ್ಮ ಪ್ಲೇಟ್‌ಲೆಟ್ ಕೌಂಟ್ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇರಬೇಕು. ರಿಪೋರ್ಟ್ ಬರುವ ತನಕ ಎಸಿ ರೂಮು, ಟಿವಿ, ಕಾಫಿ. ಆಮೇಲೆ ಮೆಷಿನ್. ಅದು ಒಂದಷ್ಟು ರಕ್ತ ಎಳೆದು, ಗಿರಗಿರ ತಿರುಗಿಸಿ, ಪ್ಲೇಟ್‌ಲೆಟ್ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಅದೇ ಕೈಗೆ ಬಿಡುತ್ತದೆ. ಹೀಗೇ ಸುತ್ತು ಮೇಲೆ ಸುತ್ತು, ಒಂದು ಗಂಟೆಗೂ ಮೇಲೆ. ನಡುವೆ ತುಟಿ ಜುಂ ಅಂದಿತು. ಹೆದರಬೇಡಿ, ರಕ್ತ ಹೆಪ್ಪುಗಟ್ಟದಿರಲಿ ಅಂತ ಹಾಕುವ ಸಿಟ್ರೇಟ್‌ನಿಂದ ಹಾಗಾಗುತ್ತದೆ. ಸಿಸ್ಟರ್ ತಕ್ಷಣ ಮೆಷಿನ್ ನಿಧಾನ ಮಾಡಿ ಕ್ಯಾಲ್ಸಿಯಂ ಮಾತ್ರೆ ಅಗಿಯಲು ಕೊಟ್ಟರು. ಮೇಲೆ ನೇತಾಡುವ ಚೀಲದಲ್ಲಿ ಕೆಂಪು ಬಣ್ಣವೇ ಇರಲಿಲ್ಲ, ಬೇಳೆ ಕಟ್ಟಿನ ಹಾಗೆ ಹಳದಿ!

ಇನ್ನು ಗಾಜಿನ ಬಾಗಿಲಿನ ಆಚೆ ಕಡೆ. ಹುಡುಗನ ಸೋದರಮಾವ ಬಂದಿದ್ದರು. ಆಸ್ಪತ್ರೆಯ ರಿಕ್ವೆಸ್ಟ್ ಫಾರಂನಲ್ಲಿ ಡಾಕ್ಟರ್ ಸಹಿ ಇತ್ತು, ಸೀಲ್ ಇರಲಿಲ್ಲ. ವಾಪಸ್ ಕಳಿಸಿದರು. ಸೀಲ್ ಹಾಕಿಸಿಕೊಂಡು ಬಂದರೆ ಬಿಲ್ಲಿಂಗ್ ಆ ಕಡೆ ಅಂದರು. ಬೋರ್ಡ್ ಎಲ್ಲ ಇಂಗ್ಲಿಷ್. ಅವರು ಯಾವ ಕೌಂಟರ್ ಅಂತ ಗೊತ್ತಾಗದೆ ಫಾರಂ ಹಿಡಿದು ಸುಮ್ನೆ ನಿಂತಿದ್ದರು. ಕೂರಲು ಒಂದು ಕುರ್ಚಿ ಇಲ್ಲ. ನಾನು ಫ್ರೂಟಿ ಕುಡಿಯುತ್ತಾ ಕೂತಿದ್ದೆ, ಬೆಳಗಿನಿಂದ ಓಡಾಡಿದ ಮನುಷ್ಯ ನಿಂತೇ ಇದ್ದರು. ಇಬ್ಬರೂ ಬಂದಿರುವುದು ಅದೇ ಒಂದು ಚೀಲಕ್ಕೆ, ಅಲ್ವಾ?

ಸಿಸ್ಟರ್‌ಗೆ ಹೇಳಿ ಅವರನ್ನು ಒಳಗೆ ಕರೆಸಿದೆ. ಪಾಪ, ಆಕೆ ಬೇಡ ಅನ್ನಲಿಲ್ಲ. ಬಂದವರೇ "ಕೈ ನೋಯ್ತಿದೆಯಾ ಅಣ್ಣ?" ಅಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು, ನನ್ನನ್ನು ಅಣ್ಣ ಅನ್ನುತ್ತಾರೆ. ಆಮೇಲೆ ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ಆಟೋಗೆ ಅಂತ ನೀಡಿದರು. ಬೇಡ ಅಂದೆ. ಬೇಜಾರಾದ ಹಾಗೆ ಕಂಡಿತು. "ಹಾಗಾದರೆ ಒಂದು ಎಳನೀರು ಕುಡಿಸಿ" ಅಂದೆ. ಮುಖ ಸ್ವಲ್ಪ ಸಡಿಲವಾಯಿತು. ಬರೀ ಕೊಡುತ್ತಾ ಹೋದರೆ ಎದುರಿನವರಿಗೆ ಭಾರವಾಗುತ್ತದೆ ಅಂತ ಎಳನೀರು ಗಾಡಿ ಹತ್ತಿರ ನನಗೆ ಹೊಳೆಯಿತು. ಮಳೆ, ಮೆಣಸಿನಕಾಯಿ ರೇಟು, ಇಂಥದ್ದೇ ಮಾತಾಡಿದೆವು. ಹುಡುಗನ ವಿಷಯ ಅವರಾಗಿ ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಪ್ಲೇಟ್‌ಲೆಟ್ ಐದೇ ದಿನ ಇಡಬಹುದು, ಫ್ರಿಜ್ಜಿನಲ್ಲಿ ಇಟ್ಟು ಕೂಡಿಡುವ ಹಾಗಿಲ್ಲ. ಹಾಗಾಗಿ ಇಂಥ ಮನೆಯವರು ಮತ್ತೆ ಮತ್ತೆ ದಾನಿಗಳನ್ನು ಹುಡುಕಲೇಬೇಕು. ಪ್ರತಿ ಸಲವೂ ಇದೇ ಬಾಗಿಲಿಗೆ ಬರುತ್ತಾರೆ.

ನೀವು ಕೊಡಲು ಹೋಗುವುದಾದರೆ ಹೊಟ್ಟೆ ತುಂಬಾ ತಿಂದು, ಅರ್ಧ ತೋಳಿನ ಶರ್ಟ್ ಹಾಕಿಕೊಂಡು ಹೋಗಿ. ಪೇಶೆಂಟ್ ಕಡೆಯವರು ಹೊರಡುವ ಮುಂಚೆ ಫಾರಂ ಮೇಲೆ ಸೀಲ್ ಇದೆಯಾ ನೋಡಿಕೊಳ್ಳಲಿ.

ಸೂಜಿ ಚುಚ್ಚುವ ಕೈಗೆ ಐದಕ್ಕೆ ಐದು ಸ್ಟಾರ್. ಕೌಂಟರ್‌ಗೆ ಎರಡು. ಅಲ್ಲಿ ಒಂದು ಬೆಂಚು, ಕನ್ನಡದಲ್ಲಿ ಒಂದು ಬೋರ್ಡ್ ಹಾಕಿಸಿ, ಬಂದು ನಾಲ್ಕು ಮಾಡುತ್ತೇನೆ.