ಬೀಟಲ್‌ಗೆ ಹೊಸ ಸೀಟ್ ಬೆಲ್ಟ್ ಪಾಯಿಂಟ್: ರಿವ್‌ನಟ್, ವೆಲ್ಡ್ ನಟ್, ಪ್ಲೇಟ್ ಮೂರನ್ನೂ ಎಳೆದು ನೋಡಿದೆವು

ಹಳೇ ಇಂಪೋರ್ಟೆಡ್ ಕಾರಿಗೆ ಹೊಸ ಸೀಟ್ ಬೆಲ್ಟ್ ತರುವುದು ದೊಡ್ಡ ವಿಷಯ ಅಲ್ಲ. ಅದನ್ನು ಯಾವುದಕ್ಕೆ ಕಟ್ಟುವುದು ಅನ್ನೋದೇ ತಲೆನೋವು. ಪುಣೆಯಲ್ಲಿರುವ ನಮ್ಮ ಫೋಕ್ಸ್‌ವ್ಯಾಗನ್ ಬೀಟಲ್ 1960ರ ದಶಕದ್ದು. ಇಲ್ಲಿಗೆ ಬರುವ ಮೊದಲು ಬಹಳ ವರ್ಷ ಮುಂಬೈಯಲ್ಲಿ ಉಪ್ಪುಗಾಳಿಗೆ ನಿಂತ ಗಾಡಿ. ಡ್ರೈವರ್ ಕಡೆ ಕೆಳಗಿನ ಪಾಯಿಂಟ್‌ನ, ಅಂದರೆ ಬೆಲ್ಟ್ ಗಾಡಿಯ ಮೈಗೆ ಸೇರುವ ಜಾಗದ, ಬೋಲ್ಟ್ ಬಿಚ್ಚಲು ಹೋದರೆ, ಬೋಲ್ಟ್ ಜೊತೆಗೇ ಒಳಗಿನ ನಟ್ಟೂ ತಿರುಗಿತು. ಸುತ್ತಲಿನ ತಗಡಿಗೆ ಸ್ಕ್ರೂಡ್ರೈವರ್ ಒತ್ತಿದರೆ ತುದಿ ಒಳಗೇ ಹೋಯಿತು. ಕಾರ್ಪೆಟ್ ಮೇಲೆ ಕೆಂಪು ಪುಡಿ ಉದುರಿತು.

ಬೀಟಲ್ ಗೊತ್ತಿರುವವರಿಗೆ ಇದು ಹೊಸದಲ್ಲ. ಬಾಗಿಲ ಕೆಳಗೆ ಉದ್ದಕ್ಕೂ ಓಡುವ ಹೀಟರ್ ಚಾನೆಲ್ ಒಳಗೆ ಟೊಳ್ಳು. ತುಕ್ಕು ಒಳಗಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಪೇಂಟ್ ಚೆನ್ನಾಗಿಯೇ ಕಾಣುತ್ತದೆ.

ನಾನು ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಒಂದು ಗ್ಯಾರೇಜಿನವರು ರಿವ್‌ನಟ್ (ರಿವೆಟ್ಟಿನಂತೆ ತೂತಿಗೆ ತೂರಿಸಿ ಒತ್ತಿ ಹಿಡಿಸುವ ನಟ್) ಹೊಡೆದರೆ ಅರ್ಧ ಗಂಟೆ ಕೆಲಸ ಅಂದರು. ಇನ್ನೊಬ್ಬರು ತಗಡಿಗೇ ನಟ್ ವೆಲ್ಡ್ ಮಾಡಿ ಬಿಡಿ ಅಂದರು. ಪುಣೆ ಪಕ್ಕದ ಭೋಸರಿಯಲ್ಲಿ ನಮಗೆ ವೆಲ್ಡಿಂಗ್ ಮಾಡಿಕೊಡುವವರು ಗದಗ ಕಡೆಯವರು. ಅವರು ಮಾತ್ರ ತೂತಿನ ಅಂಚು ಮುಟ್ಟಿ ನೋಡಿ, "ಸರ, ಬೋಲ್ಟಿಗೆ ಏನೂ ಆಗಂಗಿಲ್ರಿ. ಹರಿಯೂದು ತಗಡ. ಮೊದ್ಲ ಅದನ್ನ ನೋಡ್ರಿ" ಅಂದರು. ನನಗೆ ಸರಿಯೆನಿಸಿದ ಮಾತು ಇದೊಂದೇ.

ಲೆಕ್ಕ ಹಾಕಿದರೆ ಅರ್ಥವಾಗುತ್ತದೆ. 70 ಕೆಜಿ ಮನುಷ್ಯ 50 ಕಿಮೀ ವೇಗದಲ್ಲಿ ಹೋಗುತ್ತಾ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಬೆಲ್ಟ್ ತಡೆಯಬೇಕಾದ ಬಲ ಹೆಚ್ಚುಕಡಿಮೆ ಒಂದು ಟನ್ ತೂಕದಷ್ಟು. ಯುರೋಪಿನ ಆರ್14 ನಿಯಮದಲ್ಲಿ ಕಾರಿನ ಮೂರು ಪಾಯಿಂಟ್ ಬೆಲ್ಟಿನ ಪಾಯಿಂಟುಗಳನ್ನು ಪರೀಕ್ಷಿಸುವಾಗ ಎದೆಯ ಪಟ್ಟಿಯನ್ನೂ ಸೊಂಟದ ಪಟ್ಟಿಯನ್ನೂ ಒಟ್ಟಿಗೆ, ತಲಾ ಸುಮಾರು 1350 ಕೆಜಿ ತೂಕದಷ್ಟು ಬಲದಲ್ಲಿ ಎಳೆಯುತ್ತಾರೆ. ಅಷ್ಟನ್ನೂ ತಡೆಯುವುದು ಒಂದು ಮಿಲಿಮೀಟರ್ ಆಸುಪಾಸಿನ ತಗಡು. ಕೋಟು ಹೊಲಿಯುವ ದರ್ಜಿ ಗುಂಡಿಯ ಹಿಂದೆ ಇನ್ನೊಂದು ಪುಟ್ಟ ಗುಂಡಿ ಇಟ್ಟು ಹೊಲಿಯುತ್ತಾನಲ್ಲ, ಇಲ್ಲೂ ಬೇಕಾದದ್ದು ಅದೇ.

ಸುಮ್ನೆ ವಾದ ಮಾಡುವ ಬದಲು ಎಳೆದೇ ನೋಡೋಣ ಅಂದುಕೊಂಡೆವು. ಗುಜರಿಯಿಂದ ಹಳೇ ಕಾರಿನ ಫ್ಲೋರ್ ತಗಡು ತಂದು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ರೀತಿ ಪಾಯಿಂಟ್ ಕೂರಿಸಿ, ಶೆಡ್ಡಿನ ಗರ್ಡರಿಗೆ ಬಿಗಿದು ಚೈನ್ ಪುಲ್ಲಿಯಿಂದ ಎಳೆದೆವು. ಚೈನ್ ಮೇಲೆ ದಪ್ಪ ಗೋಣಿ ಹೊದಿಸಿ, ಎಲ್ಲರೂ ಪಕ್ಕಕ್ಕೆ ಸರಿದು ನಿಂತೆವು. ಇದು ಲ್ಯಾಬ್ ಟೆಸ್ಟ್ ಅಲ್ಲ. ನಿಜವಾದ ಟೆಸ್ಟ್ ಬೇಕೆಂದರೆ ಇದೇ ಊರಿನ ಕೋಥ್ರೂಡ್ ಗುಡ್ಡದ ಮೇಲೆ ವಾಹನ ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಇದೆ, ಕಂಪನಿಗಳು ತಮ್ಮ ಗಾಡಿಗಳನ್ನು ಅಲ್ಲಿಗೆ ಕಳಿಸುತ್ತವೆ. ನಮಗೆ ತಿಳಿಯಬೇಕಿದ್ದದ್ದು ಯಾವುದು ಹೇಗೆ ಸೋಲುತ್ತದೆ ಅನ್ನುವುದಷ್ಟೇ.

ರಿವ್‌ನಟ್ ಬಗ್ಗೆ ಜಾಸ್ತಿ ಹೇಳುವುದೇನೂ ಇಲ್ಲ. ಪುಲ್ಲಿ ಬಿಗಿಯಾಗುತ್ತಿದ್ದಂತೆ ವಾಲಿತು, ತೂತು ಅಗಲವಾಯಿತು, ಕಳಚಿ ಬಂತು. ನಂಬರ್ ಪ್ಲೇಟಿಗೆ, ರೇಡಿಯೋ ಬ್ರಾಕೆಟ್ಟಿಗೆ ಅದು ಒಳ್ಳೆಯದು. ಮನುಷ್ಯರನ್ನು ಹಿಡಿಯುವ ಜಾಗಕ್ಕೆ ಬೇಡವೇ ಬೇಡ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಗಾಡಿ ತೆಗೆದುಕೊಂಡು ಬನ್ನಿ.

ತಗಡಿಗೆ ನೇರವಾಗಿ ನಟ್ ವೆಲ್ಡ್ ಮಾಡಿದ್ದು ನೋಡಲು ಗಟ್ಟಿಮುಟ್ಟಾಗಿತ್ತು. ಅಪಾಯ ಇರುವುದೇ ಅಲ್ಲಿ. ವೆಲ್ಡಿಂಗ್ ಬಿಸಿಗೆ ನಟ್ಟಿನ ಸುತ್ತಲಿನ ತಗಡಿನ ಗುಣ ಬದಲಾಗುತ್ತದೆ, ಬಲವೆಲ್ಲ ಆ ಸಣ್ಣ ಉಂಗುರದ ಮೇಲೇ ಬೀಳುತ್ತದೆ. ಎಳೆದಾಗ ವೆಲ್ಡ್ ಬಿಡಲಿಲ್ಲ. ನಟ್ಟೂ ವೆಲ್ಡೂ ಒಂದಾಗಿ, ಸುತ್ತಲಿನ ತಗಡನ್ನು ದುಂಡಗೆ ಕತ್ತರಿಸಿಕೊಂಡು ಹೊರಗೆ ಬಂದವು. ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆ ಗದಗದವರ ಮಾತಿಗೆ ಬೇರೆ ಪುರಾವೆ ಬೇಕಿರಲಿಲ್ಲ.

ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಒಂದು, ತಗಡಿನಲ್ಲಿ ತೂತು ಕೊರೆದು ಬೋಲ್ಟನ್ನು ಆರಪಾರ ತೂರಿಸಿ, ಹಿಂದೆ ದೊಡ್ಡ ಪ್ಲೇಟ್ ಇಟ್ಟು ನಟ್ ಬಿಗಿಯುವುದು. ಇನ್ನೊಂದು, ನಟ್ ಕೂರಿಸಿದ ಪ್ಲೇಟನ್ನೇ ಗಾಡಿಯ ಮೈಗೆ ವೆಲ್ಡ್ ಮಾಡುವುದು. ರೇಸ್ ಕಾರುಗಳಿಗೆ ಎಫ್‌ಐಎ (ಕಾರ್ ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ) ಹೇಳುವ ಅಳತೆ ಕಡೇಪಕ್ಷ 3 ಮಿಮೀ ದಪ್ಪ, 40 ಚದರ ಸೆಂಟಿಮೀಟರ್ ವಿಸ್ತೀರ್ಣ. ಅಂದರೆ 8 ಸೆಂಟಿಮೀಟರ್‌ಗೆ 5 ಸೆಂಟಿಮೀಟರ್. ನಾವು ಎರಡಕ್ಕೂ ಅದೇ ಅಳತೆ ಇಟ್ಟೆವು. ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದೆವು. ಮೂಲೆ ಚೂಪಾಗಿದ್ದರೆ ತಗಡು ಅಲ್ಲಿಂದಲೇ ಸೀಳಲು ಶುರು.

ಆರಪಾರ ಬೋಲ್ಟ್ ನನಗೆ ಬಹಳ ಹಿಡಿಸಿತು. ಎಳೆದಷ್ಟೂ ತಗಡು ತಟ್ಟೆಯಂತೆ ಉಬ್ಬಿತೇ ಹೊರತು ಹರಿಯಲಿಲ್ಲ. ಬೆಂಕಿ ಕೆಲಸ ಇಲ್ಲ, ಪ್ಲೇಟ್ ಕಣ್ಣಿಗೆ ಕಾಣುತ್ತದೆ, ತುಕ್ಕು ಬಂದರೆ ಗೊತ್ತಾಗುತ್ತದೆ. ಆದರೆ ಎರಡು ಷರತ್ತು. ತಗಡು ಗಟ್ಟಿ ಇರಬೇಕು, ಹಿಂಬದಿಗೆ ಕೈ ತಲುಪಬೇಕು. ಹೀಟರ್ ಚಾನೆಲ್ ಹತ್ತಿರ ಎರಡೂ ಇಲ್ಲ. ಕೈ ತಲುಪುವ ಕಡೆಗೆ ತೂತನ್ನು ಸರಿಸಬಹುದಲ್ವಾ ಅಂತ ಒಬ್ಬರು ಕೇಳಿದರು. ಸರಿಸಬಾರದು. ಪಾಯಿಂಟ್ ಜರುಗಿದರೆ ಬೆಲ್ಟಿನ ಕೋನ ಬದಲಾಗುತ್ತದೆ. ಸೊಂಟದ ಎಲುಬಿನ ಮೇಲೆ ಕೂರಬೇಕಾದ ಪಟ್ಟಿ ಹೊಟ್ಟೆಗೆ ಏರಿದರೆ ಒಳಗಿನ ಅಂಗಗಳಿಗೇ ಪೆಟ್ಟು.

ಹಾಗಾಗಿ ಮುಂದಿನ ಸೀಟಿಗೆ ವೆಲ್ಡ್ ಪ್ಲೇಟ್. ತುಕ್ಕು ಹಿಡಿದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ಹೊಸ ತಗಡು ಕೂಡಿಸಿ, ಅದರ ಹಿಂದೆ ಪ್ಲೇಟ್ ಕೂರಿಸಿದೆವು. ಮೇಲಿನ ತಗಡಿನಲ್ಲಿ ಅಲ್ಲಲ್ಲಿ ತೂತು ಕೊರೆದು ಅವುಗಳ ಮೂಲಕ ಪ್ಲೇಟಿಗೆ ವೆಲ್ಡ್ ತುಂಬಿಸಿ, ಅಂಚಿಗೂ ಬಿಟ್ಟುಬಿಟ್ಟು ವೆಲ್ಡ್ ಹಾಕಿದೆವು. ಸಿಒಟು ವೆಲ್ಡಿಂಗೇ (ಗ್ಯಾಸ್ ಬಿಟ್ಟು ತೆಳು ತಂತಿಯಿಂದ ಮಾಡುವುದು) ಆಗಬೇಕು. ಸಾದಾ ಆರ್ಕ್ ರಾಡಿಗೆ ಇಂಥ ತೆಳು ತಗಡು ಉರಿದು ತೂತಾಗುತ್ತದೆ. ಮೊದಲು ಬ್ಯಾಟರಿ ತೆಗೆಯಬೇಕು. ಬೀಟಲ್‌ನಲ್ಲಿ ಅದು ಹಿಂದಿನ ಸೀಟಿನ ಕೆಳಗಿದೆ. ಆ ಸೀಟನ್ನೂ ಹೊರಗಿಡಿ, ಅದರ ನಾರಿನ ಪ್ಯಾಡಿಗೆ ಕಿಡಿ ಸಾಕು. ಇನ್ನು ಮುಂದಿನ ಎರಡು ಸೀಟುಗಳ ನಡುವೆ ಉದ್ದಕ್ಕೂ ಉಬ್ಬಿರುವ ಟನಲ್. ಒಳಬದಿಯ ಪಾಯಿಂಟ್ ಇರುವುದು ಅದರ ಮೇಲೆ, ಅದರೊಳಗೇ ಗೇರ್ ರಾಡ್, ಕ್ಲಚ್ ಕೇಬಲ್, ಜೊತೆಗೆ ಪೆಟ್ರೋಲ್ ಪೈಪು. ನಮ್ಮ ಟನಲ್ ಪಾಯಿಂಟುಗಳು ಗಟ್ಟಿ ಇದ್ದವು, ಪುಣ್ಯ. ಅಲ್ಲಿ ವೆಲ್ಡ್ ಮಾಡಲೇಬೇಕಾದರೆ ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಪೈಪ್ ತೆಗೆದು, ಅನುಭವ ಇರುವವರ ಕೈಗೇ ಕೊಡಿ.

ಹಿಂದಿನ ಸೀಟಿನ ಕಥೆ ಬೇರೆ. ನಮ್ಮ ಗಾಡಿಯಲ್ಲಿ ಹಿಂದೆ ಬೆಲ್ಟೇ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಪಾಲ್ಘರ್ ಹತ್ತಿರ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಪಘಾತದಲ್ಲಿ ತೀರಿಕೊಂಡ ಮೇಲೆ, ಹಿಂದೆ ಕೂತವರಿಗೂ ಬೆಲ್ಟ್ ಬೇಕು ಅನ್ನುವುದು ಈ ಭಾಗದಲ್ಲಿ ಮನೆಮನೆಯ ಮಾತಾಯಿತು. ನಮ್ಮನೆಯಲ್ಲಿ ಹಿಂದೆ ಕೂರುವವರು ಅಮ್ಮ. ಅಲ್ಲಿ ತಗಡು ಚೆನ್ನಾಗಿತ್ತು, ಕೆಳಗಿನಿಂದ ಕೈಯೂ ತಲುಪುತ್ತಿತ್ತು. ಸೊಂಟದ ಬೆಲ್ಟಿಗೆ ಆರಪಾರ ಬೋಲ್ಟ್, ದೊಡ್ಡ ಪ್ಲೇಟ್. ಒಂದೇ ಕಾರಿನಲ್ಲಿ ಎರಡು ವಿಧಾನ, ಎರಡೂ ತಮ್ಮ ಜಾಗದಲ್ಲಿ ಸರಿ.

ಬೋಲ್ಟ್ ತರಲು ಪುಣೆಯ ಬಿಡಿಭಾಗಗಳ ಮಾರುಕಟ್ಟೆ ನಾನಾ ಪೇಠಕ್ಕೆ ಹೋಗುವವರು ಗಮನಿಸಿ. ಸೀಟ್ ಬೆಲ್ಟ್ ಬೋಲ್ಟಿನ ಅಳತೆ ಸಾಮಾನ್ಯವಾಗಿ 7/16 ಇಂಚು ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಹಲ್ಲು), ಇಂಚಿಗೆ 20 ಹಲ್ಲು. ಇದು 11.1 ಮಿಮೀ. ಹಲ್ಲಿನ ಅಂತರ 1.27 ಮಿಮೀ, ಎಂ12ರ, ಅಂದರೆ 12 ಮಿಮೀ ಬೋಲ್ಟಿನ, ಸಣ್ಣ ಹಲ್ಲಿನದು 1.25. ಕಣ್ಣಿಗೆ ಎರಡೂ ಒಂದೇ ಥರ. ಸ್ವಲ್ಪ ಟ್ಯಾಪ್ ಹೊಡೆದರೆ ಎಂ12 ಕೂರುತ್ತೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ತಲೆಯ ಕೆಳಗೆ ನುಣುಪು ಕುತ್ತಿಗೆ ಇರುವ ಸೀಟ್ ಬೆಲ್ಟ್ ಬೋಲ್ಟನ್ನೇ ಕೇಳಿ. ಬೋಲ್ಟ್ ಪೂರ್ತಿ ಬಿಗಿಯಾದ ಮೇಲೂ ಬೆಲ್ಟಿನ ಕೊನೆಯ ತಗಡು ಸಲೀಸಾಗಿ ತಿರುಗುವುದು ಆ ಕುತ್ತಿಗೆಯಿಂದ.

50 ವರ್ಷ ದಾಟಿದ ಗಾಡಿಯನ್ನು 2021ರ ವಿಂಟೇಜ್ ನಿಯಮದಲ್ಲಿ ನೋಂದಾಯಿಸುವವರಿಗೆ ಒಂದು ಮಾತು. ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ ಆ ನಿಯಮ. ಆದ್ದರಿಂದ ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ, ವೆಲ್ಡ್ ಆದ ಮೇಲೆ ಫೋಟೋ ತೆಗೆದಿಡಿ. ಇದ್ದ ಪಾಯಿಂಟನ್ನೇ ರಿಪೇರಿ ಮಾಡಿದ್ದು ಎಂದು ತೋರಿಸಲು ಬೇಕಾಗುತ್ತದೆ.

ವೆಲ್ಡ್ ಆರಿದ ಮೇಲೆ ಚಾನೆಲ್ ಒಳಗೆ ಮೇಣದ ಸ್ಪ್ರೇ ಹೊಡೆಸಿದೆವು, ನೀರು ಇಳಿಯುವ ತೂತುಗಳು ಮುಚ್ಚಿಲ್ಲವೇ ಅಂತ ನೋಡಿಕೊಂಡೆವು. ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ತಗಡಿನವರೆಗೆ ಹಳದಿ ಪೇಂಟಿನ ಗೆರೆ ಎಳೆದಿದ್ದೇವೆ. ಬೋಲ್ಟ್ ಸಡಿಲವಾಗಿ ತಿರುಗಿದರೆ ಗೆರೆ ಮುರಿಯುತ್ತದೆ. ಕಾರ್ಪೆಟ್ ಆ ಮೂಲೆಯಲ್ಲಿ ಅಂಟಿಸಿಲ್ಲ. ಮಳೆಗಾಲ ಮುಗಿದಾಗ ಎತ್ತಿ ನೋಡಬೇಕು.